ಸ್ಕಿಜೋಫ್ರೇನಿಯಾ ಇರುವ ತಮ್ಮನಿಗೆ ಹವ್ಯಾಸಿ ನಾಟಕ ತಂಡದಲ್ಲಿ ಪಾತ್ರ ಕೇಳುವುದು ಹೇಗೆ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 28 ವರ್ಷ. ಕಾಲೇಜಿನಲ್ಲಿದ್ದಾಗ ಅಂತರಕಾಲೇಜು ನಾಟಕ ಸ್ಪರ್ಧೆಗಳಲ್ಲಿ ಅಭಿನಯಿಸುತ್ತಿದ್ದ, ರಂಗಗೀತೆಗಳನ್ನು ಎದೆ ತುಂಬಿ ಹಾಡುತ್ತಿದ್ದ. ಪದವಿಯ ಕೊನೆಯ ವರ್ಷದಲ್ಲಿ ಅವನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು ಮತ್ತು ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಗಳಿಂದ ಮಾತ್ರೆ ತಪ್ಪಿಸಿಲ್ಲ. ಬೆಳಿಗ್ಗೆ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಾನೆ, ಮಧ್ಯಾಹ್ನ ಬಂದು ಮಲಗುತ್ತಾನೆ, ಕೇಳಿದಷ್ಟಕ್ಕೆ ಉತ್ತರಿಸುತ್ತಾನೆ.

ಕಳೆದ ತಿಂಗಳು ನಮ್ಮೂರಿನ ಹವ್ಯಾಸಿ ತಂಡವೊಂದು ಹೊಸ ನಾಟಕಕ್ಕೆ ಕಲಾವಿದರು ಬೇಕೆಂದು ಪ್ರಕಟಣೆ ನೀಡಿತ್ತು. ಅದನ್ನು ಪತ್ರಿಕೆಯಿಂದ ಕತ್ತರಿಸಿ ತನ್ನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದನೆಂಬುದು ಬಟ್ಟೆ ಒಗೆಯುವಾಗ ನನಗೆ ತಿಳಿಯಿತು. ಅವನಿಗೆ ಹೇಳದೆ ನಾನೇ ಹೋಗಿ ಸಂಘಟಕರನ್ನು ಕಂಡು, ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಅವರು ಒರಟಾಗಿ ಮಾತನಾಡಲಿಲ್ಲ. "ಪಾಪ, ಪ್ರದರ್ಶನದ ದಿನ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲೇ ಕೂರಿಸೋಣ" ಎಂದರು. ಇಂಥವರಿಗೆಂದೇ ಬೆಂಗಳೂರಿನಲ್ಲಿ ಬೇರೆ ಕಾರ್ಯಕ್ರಮಗಳು ನಡೆಯುತ್ತವೆ ಎಂದು ಮತ್ತೊಬ್ಬರು ಸೇರಿಸಿದರು.

ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರಿಗೆ ರಂಗದ ಮೇಲೆ ನಿಜವಾದ ಅವಕಾಶ ನಮ್ಮ ರಾಜ್ಯದಲ್ಲಿ ಎಲ್ಲಾದರೂ ಇದೆಯೇ? ತಂಡಕ್ಕೆ ಸೇರುವಾಗ ಕಾಯಿಲೆಯ ವಿಷಯವನ್ನು ಹೇಳಬೇಕೇ, ಮುಚ್ಚಿಡಬೇಕೇ? ತಾಲೀಮಿನ ಒತ್ತಡದಿಂದ ಕಾಯಿಲೆ ಮರುಕಳಿಸಬಹುದೆಂಬ ಅಮ್ಮನ ಹೆದರಿಕೆಗೆ ನಾನು ಏನೆಂದು ಉತ್ತರಿಸಲಿ?

ಉತ್ತರ 1: ಪೇಟಿ ಮಾಸ್ತರ, ಗದಗ ಜಿಲ್ಲೆ

ತಂಗೀ, ನಿಮ್ಮ ಪ್ರಶ್ನೆಯನ್ನು ನನ್ನ ಫೋನು ಎರಡು ಸಲ ಓದಿ ಹೇಳಿತು. ನಾನು ಹುಟ್ಟಿನಿಂದ ಕಣ್ಣು ಕಾಣದವನು. ನಲವತ್ತು ವರ್ಷ ನಾಟಕಗಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ಹೊಟ್ಟೆ ಹೊರೆದುಕೊಂಡವನು. ಆದುದರಿಂದ ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಇಂಥ ಅವಕಾಶ ಈಚೆಗೆ ಬೆಂಗಳೂರಿನಲ್ಲಿ ಹುಟ್ಟಿದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು ಸಂಗೀತ ಕಲಿಸಿದರು, ಆ ಸಂಚಾರಿ ಪಾಠಶಾಲೆಯೇ ಮುಂದೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು ಆಶ್ರಮದ ಮಕ್ಕಳ ಅನ್ನಕ್ಕೆ ದಾರಿ ಹುಡುಕಿದ್ದು ನಾಟಕ ಕಂಪನಿಯಲ್ಲಿ. ತಾವೇ ನಾಟಕ ಬರೆದರು, ಸಂಗೀತ ಕೂಡಿಸಿದರು, ತೇರು ಜಾತ್ರೆಗಳಲ್ಲಿ ಟೆಂಟು ಹೂಡಿಸಿದರು. 2010ರಲ್ಲಿ ಅವರು ತೀರಿಕೊಂಡಾಗ ಗದಗಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಆ ಟೆಂಟಿನ ಮುಂದೆ ಟಿಕೆಟ್ಟು ಕೊಂಡು ನಿಂತವರು ಕುರುಡರ ಮೇಲೆ ಕರುಣೆ ತೋರಿಸಲು ಬಂದವರಲ್ಲ, ನಾಟಕ ನೋಡಲು ಬಂದವರು. ಪೇಟಿ ಅಪಸ್ವರ ನುಡಿದರೆ ಹಿಂದಿನ ಸಾಲಿನಿಂದ ಸೀಟಿ ಬೀಳುತ್ತಿತ್ತು. ನನಗೂ ಒಮ್ಮೆ ಬಿದ್ದಿದೆ, ಆ ರಾತ್ರಿ ಊಟ ಸೇರಲಿಲ್ಲ. ಆದರೆ ಈಗ ಡಿಸೆಂಬರ್ 3ರ ವಿಕಲಚೇತನರ ದಿನದಂದು ವೇದಿಕೆಗೆ ಕರೆದು, ಹತ್ತು ನಿಮಿಷ ಹಾಡಿಸಿ, ಹೇಗೆ ಹಾಡಿದರೂ ಚಪ್ಪಾಳೆ ತಟ್ಟಿ, ಶಾಲು ಹೊದಿಸಿ ಕಳಿಸುತ್ತಾರಲ್ಲ, ಅದಕ್ಕಿಂತ ಆ ಸೀಟಿಯೇ ನನಗೆ ಹೆಚ್ಚಿನ ಮರ್ಯಾದೆ ಕೊಟ್ಟಿತ್ತು ಎಂದು ಈಗ ಅನ್ನಿಸುತ್ತದೆ. ಮುಂದಿನ ಸಾಲಿನ ಕುರ್ಚಿಯನ್ನು ನಿಮ್ಮ ತಮ್ಮನಿಗೆ ತರಬೇಡಿರಿ.

ಉತ್ತರ 2: ಮಂಗಳವಾರದ ಓಪಿಡಿ

ಮೇಡಂ, ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಕ್ಲಿನಿಕ್ಕುಗಳಲ್ಲಿ ನಿಮ್ಮ ತಾಯಿಯವರ ಪ್ರಶ್ನೆಯನ್ನೇ ಬೇರೆ ಬೇರೆ ರೂಪದಲ್ಲಿ ಕೇಳುತ್ತಿರುತ್ತೇನೆ: ಮದುವೆ ಮಾಡಬಹುದೇ, ಕೆಲಸಕ್ಕೆ ಕಳಿಸಬಹುದೇ, ಜಾತ್ರೆಗೆ ಕರೆದೊಯ್ಯಬಹುದೇ?

ಒತ್ತಡದಿಂದ ಕಾಯಿಲೆ ಉಲ್ಬಣಗೊಳ್ಳಬಹುದು ಎಂಬುದು ನಿಜ. ಆದರೆ ಮಾತು ಕಡಿಮೆಯಾಗುವುದು, ಉತ್ಸಾಹ ಕುಗ್ಗುವುದು, ಒಂಟಿಯಾಗಿರುವುದು ಸಹ ಈ ಕಾಯಿಲೆಯ ಲಕ್ಷಣಗಳೇ ಆಗಿದ್ದು, ಅವುಗಳಿಗೆ ಮಾತ್ರೆಗಳಿಂದ ಸಿಗುವ ಪರಿಹಾರ ಬಹಳ ಸೀಮಿತವಾದದ್ದು. ಜನರ ನಡುವೆ ಅರ್ಥಪೂರ್ಣವಾದ ಕೆಲಸವೊಂದನ್ನು ಕ್ರಮವಾಗಿ ಮಾಡುವುದು ಅಲ್ಲಿ ನೆರವಿಗೆ ಬರುತ್ತದೆ. ಅಂಗಡಿಯೂ ಅಂಥ ಕೆಲಸವೇ. ಆದರೆ ಪ್ರಕಟಣೆಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡದ್ದು ಅವರೇ ಅಲ್ಲವೇ? ಆ ಆಸೆ ತಾನಾಗಿ ಮೂಡಿದ್ದನ್ನು ನಾನು ಒಳ್ಳೆಯ ಸೂಚನೆಯೆಂದೇ ಓದುತ್ತೇನೆ.

ತಾಲೀಮಿಗೆ ಮೊದಲು ವೈದ್ಯರ ಬಳಿ ಮಾತನಾಡಬೇಕಾದ ಸಂಗತಿಗಳು ಬಹಳ ಸಾಧಾರಣವಾದವು. ರಾತ್ರಿ ಒಂಬತ್ತಕ್ಕೆ ನುಂಗುವ ಮಾತ್ರೆಯಿಂದ ನಿದ್ದೆ ಬರುವುದಾದರೆ, ಹತ್ತೂವರೆಯವರೆಗೆ ನಡೆಯುವ ತಾಲೀಮಿನ ದಿನ ಏನು ಮಾಡಬೇಕು? ಬಾಯಿ ಒಣಗುವುದು, ಕೈ ನಡುಗುವುದು ಇದ್ದರೆ ಅದನ್ನು ಹೇಗೆ ನಿಭಾಯಿಸಬೇಕು? ಬೈಪೋಲಾರ್‌ನಂಥ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧವನ್ನು ತೆಗೆದುಕೊಳ್ಳುವವರು ಬಿಸಿ ದೀಪಗಳ ಕೆಳಗೆ ಬೆವರಿ ನೀರು ಕುಡಿಯದೆ ಇದ್ದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿ ಅಪಾಯವಾಗಬಹುದು ಎಂಬುದನ್ನು, ನಿಮ್ಮ ತಮ್ಮನಿಗೆ ಸಂಬಂಧಿಸದಿದ್ದರೂ, ಇದನ್ನು ಓದುವ ಇತರರಿಗಾಗಿ ಬರೆಯುತ್ತಿದ್ದೇನೆ. ಪಾತ್ರ ಸಿಕ್ಕಿತೆಂಬ ಉತ್ಸಾಹದಲ್ಲಿ, ನಿದ್ದೆ ಬರುತ್ತದೆಂಬ ಕಾರಣಕ್ಕೆ, ತಾವಾಗಿಯೇ ಮಾತ್ರೆ ಬಿಡುವುದೊಂದನ್ನು ಮಾತ್ರ ತಡೆಯಲೇಬೇಕು.

ಕಾನೂನಿನ ವಿಷಯ. ವಿಕಲಚೇತನರ ಹಕ್ಕುಗಳ ಕಾಯಿದೆ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ 29ನೇ ಪ್ರಕರಣವು ವೈಕಲ್ಯವುಳ್ಳ ಕಲಾವಿದರಿಗೆ ಸೌಲಭ್ಯ ಮತ್ತು ಪ್ರಾಯೋಜಕತ್ವ ಒದಗಿಸುವುದನ್ನೂ, ಅವರು ಭಾಗವಹಿಸಲು ಅನುವಾಗುವಂತೆ ಕಲಾ ವಿಷಯಗಳ ಪಠ್ಯಕ್ರಮವನ್ನು ಮರುರೂಪಿಸುವುದನ್ನೂ ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದೆ. ಖಾಸಗಿ ಹವ್ಯಾಸಿ ತಂಡದ ಮುಂದೆ ಈ ಪ್ರಕರಣವನ್ನು ಓದಿ ಪಾತ್ರ ಪಡೆಯಲಾಗದು. ಆದರೆ ಸರ್ಕಾರದ ಅನುದಾನದಿಂದ ನಡೆಯುವ ಶಿಬಿರ, ಉತ್ಸವಗಳ ಮುಂದೆ ಇದನ್ನು ಇಡಬಹುದು, ಇಡಬೇಕು. ವೈಕಲ್ಯದ ಪ್ರಮಾಣಪತ್ರ ಮಾಡಿಸುವುದಾದರೆ, ಸ್ವಂತ ಆರೈಕೆ, ಇತರರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಅಂಶಗಳ ಜೊತೆಗೆ ಕಾಯಿಲೆಯ ಅವಧಿಯನ್ನೂ ನೋಡಿ ವೈಕಲ್ಯದ ಶೇಕಡಾವಾರು ಪ್ರಮಾಣ ನಿರ್ಧರಿಸುತ್ತಾರೆ. ಹೆಚ್ಚಿನ ಸವಲತ್ತುಗಳಿಗೆ ಶೇ. 40 ಬೇಕು. ನಾಟಕದಲ್ಲಿ ಅಭಿನಯಿಸಲು ಮಾತ್ರ ಯಾವ ಪ್ರಮಾಣಪತ್ರವೂ ಬೇಡ.

ಮಾಸ್ತರರ ಮಾತಿಗೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯವಿದೆ. ಪ್ರತ್ಯೇಕ ತಂಡಗಳೆಲ್ಲ ಶಾಲು ಹೊದಿಸುವ ತಂಡಗಳಲ್ಲ. ಬೆಂಗಳೂರಿನ ರಮಣ ಮಹರ್ಷಿ ಅಂಧರ ಶಾಲೆಯ ಮಕ್ಕಳು ಗುರುವಿನ ದೇಹಭಂಗಿಯನ್ನು ಕೈಯಿಂದ ಮುಟ್ಟಿ ನೋಡಿ ಭರತನಾಟ್ಯ ಕಲಿತಿದ್ದಾರೆ. ವಿಕಲಚೇತನರಿಗಾಗಿ ಕೆಲಸ ಮಾಡುವ ಸಮರ್ಥನಂ ಸಂಸ್ಥೆಯ ಸುನಾದ ಎಂಬ ಕಲಾತಂಡ ಹಲವೆಡೆ ಪ್ರದರ್ಶನ ನೀಡಿದೆ. ಬೆಂಗಳೂರು ಮೂಲದ ಗುರು ಸೈಯದ್ ಸಲ್ಲಾವುದ್ದೀನ್ ಪಾಷಾ ಅವರು ಗಾಲಿಕುರ್ಚಿಯನ್ನೇ ನೃತ್ಯದ ಅಂಗವನ್ನಾಗಿ ಮಾಡಿಕೊಂಡು ತಂಡ ಕಟ್ಟಿದರು. ಚಕ್ರ ಸುತ್ತುವ ವೇಗ ಕಾಲಿನಿಂದ ಬಾರದು, ಆದುದರಿಂದ ಅದು ಭರತನಾಟ್ಯದ ಕೊರತೆಯ ರೂಪವಲ್ಲ, ಬೇರೆಯದೇ ರೂಪ. ಕೆಲವರಿಗೆ ಮೊದಲ ಹೆಜ್ಜೆಯನ್ನು ತಮ್ಮಂಥವರ ನಡುವೆ ಇಡುವುದೇ ಸುಲಭ.

ಉತ್ತರ 3: ಮಬ್ಬು ಬೆಳಕು, ಮೈಸೂರು

ನಾನು ಬೈಪೋಲಾರ್ ಕಾಯಿಲೆಯೊಂದಿಗೆ, ಅಂದರೆ ಮನಸ್ಸಿನ ಉತ್ಸಾಹ ವಿಪರೀತ ಏರಿ ಇಳಿಯುವ ಕಾಯಿಲೆಯೊಂದಿಗೆ, ಹದಿನಾಲ್ಕು ವರ್ಷಗಳಿಂದ ಬದುಕುತ್ತಿದ್ದೇನೆ. ಒಂದು ಹವ್ಯಾಸಿ ತಂಡದಲ್ಲಿ ನಟನಾಗಿ ಸೇರಿ, ಈಗ ನಟನೆ ಮತ್ತು ಬೆಳಕು ಎರಡನ್ನೂ ಮಾಡುತ್ತೇನೆ. ಹೇಳಬೇಕೇ, ಮುಚ್ಚಿಡಬೇಕೇ ಎಂಬ ಪ್ರಶ್ನೆಗೆ ನಾನು ಎರಡನ್ನೂ ಮಾಡಿ ನೋಡಿದವನಾದ್ದರಿಂದ ಬರೆಯುತ್ತಿದ್ದೇನೆ.

ಮೊದಲ ತಂಡದಲ್ಲಿ ಮುಚ್ಚಿಟ್ಟಿದ್ದೆ. ಪ್ರದರ್ಶನಕ್ಕೆ ಮೂರು ವಾರಗಳಿರುವಾಗ ನನಗೆ ನಿದ್ದೆ ಬಿಟ್ಟುಹೋಯಿತು. ನಡುರಾತ್ರಿ ಎರಡು ಗಂಟೆಗೆ ನಿರ್ದೇಶಕರಿಗೆ ಫೋನು ಮಾಡಿ ಮೂರನೆಯ ದೃಶ್ಯವನ್ನು ಹೇಗೆ ಬದಲಿಸಬೇಕೆಂದು ಒಂದು ಗಂಟೆ ವಿವರಿಸಿದೆ. ಅವರು ಅದನ್ನು ಉತ್ಸಾಹವೆಂದು ತಿಳಿದು ಮೆಚ್ಚಿಕೊಂಡರು! ಕಾಯಿಲೆಯ ವಿಷಯ ಗೊತ್ತಿದ್ದ ಒಬ್ಬರು ಆ ಫೋನನ್ನು ಎತ್ತಿದ್ದರೆ, ಮರುದಿನವೇ ನನ್ನನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದರು. ಹತ್ತು ದಿನಗಳ ಬಳಿಕ ಆಸ್ಪತ್ರೆ ಸೇರಿದೆ, ನಾಟಕ ರದ್ದಾಯಿತು, ಆ ತಂಡದ ಯಾರೂ ಮತ್ತೆ ನನ್ನನ್ನು ಕರೆಯಲಿಲ್ಲ.

ಎರಡನೆಯ ತಂಡದಲ್ಲಿ ಇಬ್ಬರಿಗೆ ಮಾತ್ರ ಹೇಳಿದೆ: ನಿರ್ದೇಶಕರಿಗೆ ಮತ್ತು ನನ್ನ ಜೊತೆ ಬೈಕಿನಲ್ಲಿ ಬರುತ್ತಿದ್ದ ಗೆಳೆಯನಿಗೆ. ರೋಗದ ಹೆಸರಿಗಿಂತ ಅದರ ಗುರುತುಗಳನ್ನು ಹೇಳಿದೆ. ನಾನು ಎರಡು ರಾತ್ರಿ ಮಲಗಿಲ್ಲವೆಂದು ತಿಳಿದರೆ, ವಿಪರೀತ ವೇಗವಾಗಿ ಮಾತನಾಡಲು ತೊಡಗಿದರೆ, ಈ ಸಂಖ್ಯೆಗೆ ಫೋನು ಮಾಡಿ ಎಂದು ನನ್ನ ಅಣ್ಣನ ಸಂಖ್ಯೆ ಕೊಟ್ಟೆ. ನಿರ್ದೇಶಕರು ಯೋಚಿಸಿ, ನನ್ನ ಪಾತ್ರಕ್ಕೆ ಇನ್ನೊಬ್ಬನನ್ನೂ ಸಿದ್ಧಗೊಳಿಸಿದರು. ಆದರೆ ನನಗೊಬ್ಬನಿಗೆ ಹಾಗೆ ಮಾಡದೆ, ಮುಖ್ಯ ಪಾತ್ರಗಳೆಲ್ಲಕ್ಕೂ ಬದಲಿ ನಟರನ್ನು ಇಟ್ಟರು. ಆ ವರ್ಷ ಕಾಯಿಲೆ ಮರುಕಳಿಸಿತು, ಪಾತ್ರ ಕೈತಪ್ಪಿತು. ಪ್ರದರ್ಶನ ನಿಲ್ಲಲಿಲ್ಲ. ಚೇತರಿಸಿಕೊಂಡು ಮರಳಿದಾಗ ಬೆಳಕಿನ ಮೇಜಿನ ಹಿಂದೆ ಒಂದು ಸ್ಟೂಲು ನನಗಾಗಿ ಖಾಲಿ ಇತ್ತು. ಅದೇ ನಾಟಕದ ನಾಲ್ಕನೆಯ ಪ್ರದರ್ಶನದ ಹೊತ್ತಿಗೆ ನಾಯಕನಟ ಕಾಲು ಮುರಿದುಕೊಂಡ. ಅವನಿಗೂ ಬದಲಿ ನಟ ಸಿದ್ಧನಿದ್ದ.

ಆದುದರಿಂದ ಅಕ್ಕ, ನೀವು ಸಂಘಟಕರಲ್ಲಿ ಹೇಳಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ, ಆದರೆ ತಮ್ಮನಿಗೆ ತಿಳಿಸದೆ ಹೇಳಿದ್ದು ಸರಿಯಾಗಲಿಲ್ಲ. ಅದು ಅವರ ಕಾಯಿಲೆ, ಅವರ ಮಾತು. ಇಷ್ಟು ನೇರವಾಗಿ ಬರೆದದ್ದಕ್ಕೆ ಕ್ಷಮೆ ಇರಲಿ. ನನ್ನ ಅಣ್ಣನೂ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದ.

ಉತ್ತರ 4: ಚೌಕಿ, ಸಾಗರ ತಾಲ್ಲೂಕು

ನಾನು ಮಲೆನಾಡಿನ ಕಡೆ ಮೂವತ್ತು ವರ್ಷಗಳಿಂದ ನಾಟಕ ಮಾಡಿಸುತ್ತಿದ್ದೇನೆ. ನಿಮ್ಮ ಸಂಘಟಕರಂತೆ ನಾನೂ ಹಿಂದೊಮ್ಮೆ ಒಬ್ಬರನ್ನು ನಯವಾಗಿ ಹಿಂದೆ ಕಳಿಸಿದವನು. ಕಾರಣ ದ್ವೇಷವಲ್ಲ, ಗೊತ್ತಿಲ್ಲದ್ದರ ಹೆದರಿಕೆ. ಪ್ರದರ್ಶನದ ಮಧ್ಯೆ ಏನಾದರೂ ಆದರೆ ಎಂಬ ಆ ಹೆದರಿಕೆಯನ್ನು ಕಳೆಯಬೇಕಾದರೆ ದೊಡ್ಡ ಮಾತುಗಳು ಪ್ರಯೋಜನಕ್ಕೆ ಬರುವುದಿಲ್ಲ, ಸಣ್ಣ ಏರ್ಪಾಡುಗಳು ಬರುತ್ತವೆ.

ಸಂಘಟಕರ ಬಳಿ ಮತ್ತೆ ಹೋಗುವಾಗ ತಮ್ಮನೇ ಹೋಗಲಿ, ಪಾತ್ರ ಕೇಳದೆ ಓದಿಗೆ ಕೂರಲು ಅವಕಾಶ ಕೇಳಲಿ. ನಾಟಕ ಕಟ್ಟುವ ಕೆಲಸದಲ್ಲಿ ಮೊದಲ ಎರಡು ವಾರ ಎಲ್ಲರೂ ಸುತ್ತ ಕುಳಿತು ಓದುವುದೇ ಹೆಚ್ಚು. ಅಲ್ಲಿ ಯಾರ ಮೇಲೂ ಕಣ್ಣು ನೆಟ್ಟಿರುವುದಿಲ್ಲ, ಧ್ವನಿ ತಾನಾಗಿ ತೆರೆದುಕೊಳ್ಳುತ್ತದೆ. ಹಾಡುವವರಾದರೆ ಮೇಳದಲ್ಲಿ, ಅಂದರೆ ರಂಗದ ಮೇಲೆ ಒಟ್ಟಾಗಿ ಹಾಡುವ ಗುಂಪಿನಲ್ಲಿ, ಸೇರಿಸಿಕೊಳ್ಳುವಂತೆ ಕೇಳಬಹುದು. ನಮ್ಮ ನಾಟಕಗಳಲ್ಲಿ ಮೇಳವಿರುವುದು ಎಂಥ ಭಾಗ್ಯವೆಂದು ಹೊಸಬರಿಗೆ ತಿಳಿಯದು: ರಂಗದ ಮೇಲೆ ಪೂರ್ತಿ ಹೊತ್ತು ಇರಬಹುದು, ಒಂದು ಸಾಲು ಮರೆತರೆ ಪಕ್ಕದವನ ಧ್ವನಿ ಎತ್ತಿಕೊಳ್ಳುತ್ತದೆ, ಒಂದು ದಿನ ಬಾರದಿದ್ದರೂ ದೃಶ್ಯ ಬೀಳುವುದಿಲ್ಲ. ಇದನ್ನು ಯಾರೂ ರಿಯಾಯಿತಿಯೆಂದು ಕರೆಯುವುದಿಲ್ಲ, ಏಕೆಂದರೆ ಮೇಳ ಇಲ್ಲದಿದ್ದರೆ ನಾಟಕವೇ ಇಲ್ಲ.

ಇನ್ನೊಂದು ಮಾತು, ವಿಷಯಕ್ಕೆ ತುಸು ಪಕ್ಕದ್ದು. ನಾನು ಕಂಡ ಹಲವು ರಂಗಮಂದಿರಗಳಲ್ಲಿ ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ದಾರಿ ಇದೆ. ಬಣ್ಣದ ಕೋಣೆಯಿಂದ ರಂಗಕ್ಕೆ ಏರಲು ಮಾತ್ರ ಐದಾರು ಮೆಟ್ಟಿಲುಗಳು. ಗಾಲಿಕುರ್ಚಿಯವರು ನಾಟಕ ನೋಡಬಹುದೆಂದು ಕಟ್ಟಿಸಿದವರಿಗೆ ಹೊಳೆದಿದೆ, ಅವರು ನಾಟಕ ಆಡಬಹುದೆಂದು ಹೊಳೆದಿಲ್ಲ. ನಮ್ಮ ತಂಡದಲ್ಲಿ ಪೋಲಿಯೊ ಆದ ನಟರೊಬ್ಬರಿದ್ದು, ಪ್ರತಿ ಊರಿಗೂ ಒಂದು ಹಲಗೆಯನ್ನು ರಂಗಸಜ್ಜಿಕೆಯ ಜೊತೆಗೇ ಲಾರಿಗೆ ಏರಿಸುತ್ತೇವೆ.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮಬ್ಬು ಬೆಳಕು ಅವರ ಮಾತು ಚುಚ್ಚಿತು, ಆದರೆ ಅದು ಸರಿಯಾದ ಮಾತು. ನಿನ್ನೆ ರಾತ್ರಿ ನಾನು ಸಂಘಟಕರನ್ನು ಕಂಡದ್ದನ್ನು ತಮ್ಮನಿಗೆ ಹೇಳಿ, ಈ ಉತ್ತರಗಳನ್ನೂ ಓದಲು ಕೊಟ್ಟೆ. ಸಿಟ್ಟಾದ, ಊಟಕ್ಕೆ ಬರಲಿಲ್ಲ. ಇಂದು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಸಂಜೆಯ ಓದಿಗೆ ತಾನೇ ಹೋಗಿ ಕೇಳುವುದಾಗಿಯೂ, ನಾನು ಗೇಟಿನವರೆಗೂ ಬರಕೂಡದೆಂದೂ ಹೇಳಿದ. ರಾತ್ರಿಯ ಮಾತ್ರೆಯ ವಿಷಯವನ್ನು ಮುಂದಿನ ಮಂಗಳವಾರ ವೈದ್ಯರ ಬಳಿ ಅವನೇ ಮಾತನಾಡುತ್ತಾನಂತೆ. ಪಾತ್ರಕ್ಕಿಂತ ಮೇಳವೇ ಅವನಿಗೆ ಇಷ್ಟ. ಅಮ್ಮ ಇನ್ನೂ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ.

ಉತ್ತರ 5: ಪೇಟಿ ಮಾಸ್ತರ, ಗದಗ ಜಿಲ್ಲೆ

ಮೇಳಕ್ಕೆ ಸೇರುವುದಾದರೆ ಶ್ರುತಿ ಗೊತ್ತಿರಬೇಕು. ಪೇಟಿಯ ಮನೆಗಳಲ್ಲಿ ಬಿಳಿ ಒಂದರ ಶ್ರುತಿಯಲ್ಲಿ ಹಾಡುತ್ತಾನೋ, ಕರಿ ಎರಡರಲ್ಲೋ, ಅವನನ್ನೇ ಕೇಳಿ ಬರೆಯಿರಿ. ಆರೇಳು ವರ್ಷ ಹಾಡು ಬಿಟ್ಟಿದ್ದರೆ ಧ್ವನಿ ಒಂದು ಮನೆ ಇಳಿದಿರಬಹುದು. ಮೊದಲ ದಿನವೇ ಮೇಲಿನ ಷಡ್ಜ ಹಿಡಿಯಲು ಹೋಗಬಾರದೆಂದು ತಿಳಿಸಿರಿ.