ಮನೆ ಸಾಲದ ಜೊತೆ ಕಟ್ಟಿಹಾಕಿದ ವಿಮೆ: ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ದಾವಣಗೆರೆಯವರು. ಏಳು ತಿಂಗಳ ಹಿಂದೆ ಮನೆ ಕಟ್ಟಲು 32 ಲಕ್ಷ ಸಾಲ ತೆಗೆದುಕೊಂಡೆವು. 20 ವರ್ಷಕ್ಕೆ, ಶೇ 8.75 ಬಡ್ಡಿ. ನಮ್ಮ ಯಜಮಾನರದ್ದು ದಿನಸಿ ಅಂಗಡಿ. ಚೆಕ್ ಕೊಡುವ ದಿನ ಬ್ಯಾಂಕಿನವರು "ಇನ್ಶೂರೆನ್ಸ್ ಮಾಡಿಸದಿದ್ದರೆ ಸಾಲ ಬಿಡುಗಡೆ ಆಗಲ್ಲ" ಅಂದರು. ಮೇಸ್ತ್ರಿಗೆ ದುಡ್ಡು ಕೊಡಬೇಕಿತ್ತು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆವು. ಈಗ ನೋಡಿದರೆ ಸಾಲ 33,48,000 ಇದೆ. 1,48,000 ವಿಮೆಯ ಪ್ರೀಮಿಯಂ ಅಂತೆ. ಪಾಲಿಸಿ ಐದೇ ವರ್ಷಕ್ಕೆ. ಕಾಯಿಲೆ ಬಂದರೆ ಇಷ್ಟು, ಕೆಲಸ ಹೋದರೆ ಮೂರು ಕಂತು ಕಟ್ಟುತ್ತೇವೆ ಅಂತ ಇದೆ. ಸ್ವಂತ ಅಂಗಡಿ ಇಟ್ಟವರಿಗೆ ಕೆಲಸ ಹೋಗುವುದು ಅಂದರೇನು ಸರ್? ಬ್ಯಾಂಕಿನಲ್ಲಿ ಕೇಳಿದರೆ "ನೀವೇ ಸಹಿ ಹಾಕಿದ್ದೀರಲ್ವಾ" ಅನ್ನುತ್ತಾರೆ.

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಯೇ ನಿಮ್ಮ ದೂರಿನ ಜೀವಾಳ. ಇಂಥ ಪಾಲಿಸಿಗಳಲ್ಲಿ ಕೆಲಸ ಹೋದರೆ ಸಿಗುವ ಪರಿಹಾರ ಸಾಮಾನ್ಯವಾಗಿ ಸಂಬಳದಾರರಿಗೆ ಮಾತ್ರ. ಅಂಗಡಿಯವರಿಗೆ ಅದು ಬರುವುದೇ ಇಲ್ಲ. ಬರದ ರಕ್ಷಣೆಗೆ ನಿಮ್ಮಿಂದ ದುಡ್ಡು ತೆಗೆದುಕೊಂಡಿದ್ದಾರೆ.

ಮೊದಲು ಲೆಕ್ಕ ನೋಡಿ. ನಿಮ್ಮ ಬಡ್ಡಿ ದರದಲ್ಲಿ 1,48,000ಕ್ಕೆ ತಿಂಗಳಿಗೆ ಸುಮಾರು 1,308 ರೂಪಾಯಿ ಕಂತು ಬೀಳುತ್ತದೆ. 20 ವರ್ಷಕ್ಕೆ ಅದು 3.14 ಲಕ್ಷದ ಹತ್ತಿರ ಹೋಗುತ್ತದೆ. ಪಾಲಿಸಿ ಐದನೇ ವರ್ಷಕ್ಕೆ ಮುಗಿಯುತ್ತದೆ, ಅದರ ಬಡ್ಡಿ ಇನ್ನೂ ಹದಿನೈದು ವರ್ಷ ನಡೆಯುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಾಲ ಬೇಕಾದರೆ ನಮ್ಮ ಹತ್ತಿರವೇ ವಿಮೆ ಮಾಡಿಸಬೇಕು ಎಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅಡವಿಟ್ಟ ಕಟ್ಟಡಕ್ಕೆ ಬೆಂಕಿ ವಿಮೆ ಕೇಳಬಹುದು, ಅದು ಬೇರೆ ಮಾತು. ಅದನ್ನೂ ನಿಮಗೆ ಬೇಕಾದ ಕಂಪನಿಯಲ್ಲಿ ಮಾಡಿಸಬಹುದು.

ಆದರೆ "ಒತ್ತಾಯ ಮಾಡಿದರು" ಎಂಬುದೊಂದನ್ನೇ ಹಿಡಿದು ಹೋಗಬೇಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಅವರು ಇಲ್ಲ ಅಂದರೆ ಮುಗಿಯಿತು. ಕಾಗದದಲ್ಲಿ ಏನಿದೆ ಅನ್ನುವುದನ್ನು ಹಿಡಿಯಿರಿ. ಅದಕ್ಕೆ ವಿಮಾ ಕಂಪನಿಯಿಂದ ಎರಡು ವಸ್ತು ಕೇಳಿ: ಪ್ರಪೋಸಲ್ ಫಾರಂನ (ವಿಮೆಗೆ ಹಾಕಿದ ಅರ್ಜಿಯ) ಪ್ರತಿ, ಮತ್ತು ಪಾಲಿಸಿಗೆ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಂಡಿದ್ದರೆ ಅದರ ರೆಕಾರ್ಡಿಂಗ್. ಫಾರಂನಲ್ಲಿ ಯಜಮಾನರ ಉದ್ಯೋಗ ಏನು ಅಂತ ಬರೆದಿದ್ದಾರೆ, ನೋಡಿ.

ಆಮೇಲೆ ವಿಮಾ ಕಂಪನಿಯ ದೂರು ಅಧಿಕಾರಿಗೆ ಪತ್ರ ಬರೆಯಿರಿ, ಬ್ಯಾಂಕಿಗೂ ಒಂದು ಪ್ರತಿ ಕೊಡಿ. ಉದ್ದ ಬೇಡ. "ನನ್ನ ಗಂಡ ಸ್ವಂತ ಅಂಗಡಿ ನಡೆಸುತ್ತಾರೆ. ಕೆಲಸ ಹೋದರೆ ಸಿಗುವ ಪರಿಹಾರ ಅವರಿಗೆ ಅನ್ವಯಿಸುವುದಿಲ್ಲ. ಸಾಲ 20 ವರ್ಷ, ಪಾಲಿಸಿ 5 ವರ್ಷ. ಇದನ್ನು ಯಾರೂ ನಮಗೆ ವಿವರಿಸಲಿಲ್ಲ. ಪಾಲಿಸಿ ರದ್ದು ಮಾಡಿ, ಪೂರ್ತಿ ಪ್ರೀಮಿಯಂ ಅನ್ನು ಸಾಲದ ಅಸಲಿಗೆ ಜಮಾ ಮಾಡಿ, ಅದರ ಮೇಲೆ ಇದುವರೆಗೆ ಕಟ್ಟಿಸಿಕೊಂಡ ಬಡ್ಡಿಯನ್ನೂ ಕೊಡಿ." ಇಷ್ಟು ಸಾಕು. ಬಡ್ಡಿ ಕೇಳುವ ವಾಕ್ಯವನ್ನು ಬಿಡಬೇಡಿ, ಎಲ್ಲರೂ ಅದನ್ನೇ ಮರೆಯುತ್ತಾರೆ. ಅಂಗಡಿಯ ಲೈಸೆನ್ಸ್ ಪ್ರತಿ ಲಗತ್ತಿಸಿ, ಬ್ಯಾಂಕಿಗೆ ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಕಂಪನಿ ನಿರಾಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಬ್ಯಾಂಕಿನ ನಡವಳಿಕೆ ಬಗ್ಗೆ ದೂರು ಇದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬೇರೆ ಇದ್ದಾರೆ, ಸಹಾಯವಾಣಿ 14448.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕೇಳಿ. ಸಾಲಕ್ಕೆ ರಕ್ಷಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ದುಡಿಯುವವರಿಗೆ ಏನಾದರೂ ಆದರೆ ಸಾಲ ಮನೆಯವರ ತಲೆ ಮೇಲೆ ಬರುತ್ತದೆ. ಯಜಮಾನರ ಹೆಸರಿನಲ್ಲಿ ಒಂದು ಟರ್ಮ್ ಪಾಲಿಸಿ, ಅಂದರೆ ಬರೀ ಜೀವಕ್ಕೆ ರಕ್ಷಣೆ ಕೊಡುವ ವಿಮೆ, ಮಾಡಿಸಿ. ಅದು ಕೈಗೆ ಬಂದ ಮೇಲೆ ಇದು ರದ್ದಾದರೂ ಭಯವಿಲ್ಲ.

ಇನ್ನೊಬ್ಬರ ಪ್ರಶ್ನೆ: ನಮಗೂ ಹೀಗೇ ಆಗಿದೆ ಸರ್. ಆದರೆ ನಮ್ಮದು ಜೀವ ವಿಮೆ. ಪಾಲಿಸಿ ಇಮೇಲ್‌ಗೆ ಬಂದು 12 ದಿನ ಆಗಿದೆ.

ಉತ್ತರ: ಹಾಗಿದ್ದರೆ ನೀವು ಇಷ್ಟೆಲ್ಲ ಓಡಾಡಬೇಕಾಗಿಲ್ಲ. ಜೀವ ವಿಮೆ, ಆರೋಗ್ಯ ವಿಮೆಗೆ ಪಾಲಿಸಿ ಕೈಸೇರಿದ ದಿನದಿಂದ 30 ದಿನ ಫ್ರೀ ಲುಕ್ ಅವಧಿ ಇದೆ, ಅಂದರೆ ಓದಿ ನೋಡಿ ಬೇಡವಾದರೆ ವಾಪಸ್ ಮಾಡುವ ಅವಕಾಶ. ಬೇಡ ಅಂತ ಇವತ್ತೇ ಕಂಪನಿಗೆ ಇಮೇಲ್ ಮಾಡಿ. ಕಳೆದ ದಿನಗಳ ಪ್ರೀಮಿಯಂ, ವೈದ್ಯಕೀಯ ತಪಾಸಣೆ, ಸ್ಟಾಂಪ್ ಖರ್ಚು ಮುರಿದುಕೊಂಡು ಉಳಿದದ್ದು ವಾಪಸ್ ಕೊಡಬೇಕು. ಬ್ಯಾಂಕಿನವರು "ನಾವೇ ಮಾಡಿಸಿಕೊಡುತ್ತೇವೆ, ಮುಂದಿನ ವಾರ ಬನ್ನಿ" ಅಂದರೆ ಕಾಯಬೇಡಿ. ಹೀಗೆ ವಾರ ವಾರ ಮುಂದೂಡುವುದರಲ್ಲೇ 30 ದಿನ ಕಳೆದುಹೋಗುತ್ತದೆ.

ಮತ್ತೊಬ್ಬರ ಪ್ರಶ್ನೆ: ನಾನು 2006ರಲ್ಲಿ ಲಂಡನ್‌ನಲ್ಲಿ ಮನೆ ಕೊಂಡಾಗ ಪಿಪಿಐ ಅಂತ, ಸಾಲದ ಕಂತಿಗೆ ರಕ್ಷಣೆ ಕೊಡುವ ಇಂಥದ್ದೇ ವಿಮೆ ಸೇರಿಸಿದ್ದರು. ಈಗ ಮೈಸೂರಿನಲ್ಲಿದ್ದೇನೆ. ಕೇಳಬಹುದಾ?

ಉತ್ತರ: ಸರ್, ಬ್ರಿಟನ್‌ನಲ್ಲಿ ಆ ದೂರುಗಳಿಗೆ 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಅಲ್ಲಿನ ಬ್ಯಾಂಕುಗಳು ಜನರಿಗೆ 38 ಶತಕೋಟಿ ಪೌಂಡ್‌ಗಿಂತ ಜಾಸ್ತಿ ವಾಪಸ್ ಕೊಟ್ಟವು. ಅಲ್ಲೂ ಸ್ವಂತ ವ್ಯಾಪಾರದವರಿಗೆ ಬರದ ವಿಮೆ ಮಾರಿದ್ದು ದೊಡ್ಡ ದೂರಾಗಿತ್ತು. ಅವಧಿ ಮುಗಿದ ಮೇಲೆ ತೀರಾ ಅಸಾಧಾರಣ ಕಾರಣ ಇದ್ದರೆ ಮಾತ್ರ ಕೇಳುತ್ತಾರೆ. ವಾಪಸ್ ಕೊಡಿಸುತ್ತೇವೆ ಅಂತ ಯಾರಾದರೂ ಫೋನ್ ಮಾಡಿ ಮುಂಗಡ ಕೇಳಿದರೆ ಒಂದು ಪೈಸೆಯೂ ಕೊಡಬೇಡಿ.

ಮೊದಲು ಕೇಳಿದವರು: ಸರ್, ಪ್ರಪೋಸಲ್ ಫಾರಂ ಬಂತು. ಉದ್ಯೋಗ ಅನ್ನುವ ಕಡೆ "ಸಂಬಳದಾರ" ಅಂತ ಟೈಪ್ ಮಾಡಿದ್ದಾರೆ. ಕೆಲಸ ಮಾಡುವ ಕಂಪನಿಯ ಹೆಸರಿನ ಜಾಗ ಖಾಲಿ ಇದೆ. ಕೆಳಗೆ ನಮ್ಮ ಯಜಮಾನರದ್ದೇ ಸಹಿ.

ಉತ್ತರ: ಸಹಿಗೆ ಹೆದರಬೇಡಿ ಮೇಡಂ. ಸಾಲದ ಅರ್ಜಿಯಲ್ಲಿ ಅದೇ ಬ್ಯಾಂಕು ಅವರನ್ನು ವ್ಯಾಪಾರಿ ಅಂತ ಬರೆದುಕೊಂಡಿರುತ್ತದೆ, ಆದಾಯ ತೆರಿಗೆ ರಿಟರ್ನ್ಸ್ ಕೂಡ ಪಡೆದಿರುತ್ತದೆ. ಆ ಅರ್ಜಿಯ ಪ್ರತಿ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಪಿನ್ ಮಾಡಿ, ಪತ್ರದ ಮೇಲುಗಡೆಯೇ ಇಡಿ. ಕಳಿಸುವ ಮುಂಚೆ ಪತ್ರವನ್ನು ಇಲ್ಲಿ ಹಾಕಿ, ಸಾಲದ ಖಾತೆ ನಂಬರ್ ಅಳಿಸಿ. ನಾನು ಓದಿ ಹೇಳುತ್ತೇನೆ.