ಬಂಗಲೆಯ ಮೆಕ್ಸಿಕನ್ ಕುರ್ಚಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಮಡಿಕೇರಿ ಹತ್ತಿರದ ಎಸ್ಟೇಟ್ ಬಂಗಲೆಯಲ್ಲಿ ಡ್ರಮ್ಮಿನಾಕಾರದ ಚರ್ಮದ ಕುರ್ಚಿ 4 ಇವೆ. ಕೆಳಗೆ ಅಡ್ಡಡ್ಡ ಕಟ್ಟಿದ ಮರದ ಪಟ್ಟಿ. ಮೆಕ್ಸಿಕೊದ್ದಂತೆ. ಹಳೆಯದೋ, ನಕಲೋ?

ಉತ್ತರ 1: ಇದು ಎಕಿಪಾಲ್ ಅನ್ನೋ ಕುರ್ಚಿ, ಮೆಕ್ಸಿಕೊದ ಹಲಿಸ್ಕೊ ಪ್ರಾಂತ್ಯದ ಕಸುಬು. ಮೊದಲು ಮಗುಚಿ ಹಾಕಿ, ಗುಟ್ಟೆಲ್ಲ ಅಡಿಯಲ್ಲೇ ಇರೋದು. ಕೈಯಲ್ಲಿ ಸೀಳಿದ ಪಟ್ಟಿಗಳ ಅಗಲ ಒಂದೇ ಸಮ ಇರಲ್ಲ. ಹಂದಿಚರ್ಮವಾದರೆ ಕೂದಲಿನ ರಂಧ್ರಗಳು ಮೂರು ಮೂರರ ಗುಂಪಲ್ಲಿ ಕಾಣುತ್ತವೆ. ರೆಕ್ಸಿನ್ ಆದರೆ ಹಿಂಬದಿ ಬಟ್ಟೆ. ಹೊಸ ಮೊಳೆ ಕಂಡ ಮಾತ್ರಕ್ಕೆ ನಕಲು ಅನ್ನಬೇಡಿ, ರಿಪೇರಿಯೂ ಇರಬಹುದು.

ಉತ್ತರ 2: ನಮ್ಮ ಮಳೆಗಾಲದ ಬೂಷ್ಟು ಒರೆಸಿದರೆ ಹೋಗುತ್ತೆ. ಚರ್ಮ ಉಜ್ಜಿದಾಗ ಕೆಂಪು ಪುಡಿ ಉದುರಿದರೆ ಮಾತ್ರ ಬೆಲೆ ಬಿತ್ತು ಅಂತಲೇ ಲೆಕ್ಕ, ಅದು ಸರಿಹೋಗಲ್ಲ. ಪಟ್ಟಿಯ ತೂತಿನಿಂದ ಬಿಳಿ ಹಿಟ್ಟು ಬರ್ತಿದ್ಯಾ? ಮರ ಕೊರೆಯೋ ಹುಳು ಇನ್ನೂ ಬದುಕಿರಬಹುದು.

ಉತ್ತರ 3: ಬೆಲೆ ಕಟ್ಟುವವರಿಗೆ ತೋರಿಸುವ ಮುಂಚೆ ಎಣ್ಣೆ, ಪಾಲಿಶ್ ಏನೂ ಹಚ್ಚಬೇಡಿ ಸಾರ್.