ಸಹಾಯ ಬೇಕು: ಶಿರಸಿ, ಕುಮಟಾ ಕಡೆ ಕಬ್ಬಿಣಾಂಶದ ಡ್ರಿಪ್ ಹಾಕಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಹತ್ತಿರದ ಹಳ್ಳಿಯವರು. ಅಕ್ಕನಿಗೆ ಎರಡು ವರ್ಷದ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ) ಆಪರೇಷನ್ ಆಯಿತು. ಶುಗರ್ ಹತೋಟಿಗೆ ಬಂತು, ಮಂಡಿನೋವು ಹೋಯಿತು. ಆದರೆ ಈಗ ಹಿಮೋಗ್ಲೋಬಿನ್ 7.9, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಬರೀ 5. ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ತಲೆ ಬಾಚಿದರೆ ಕೈತುಂಬ ಕೂದಲು.

ಹರಿವೆ ಸೊಪ್ಪು, ಬೆಲ್ಲ ತಿನ್ನಿಸಿ ಅಂತ ಊರಲ್ಲಿ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕಬ್ಬಿಣಾಂಶವನ್ನು ಜಾಸ್ತಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದವರಲ್ಲಿ ಊಟ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಕಬ್ಬಿಣಾಂಶ ಹೀರಲು ನೆರವಾಗುವ ಹೊಟ್ಟೆಯ ಆಮ್ಲವೂ ಕಡಿಮೆ. ಬರೀ ಸೊಪ್ಪಿನಿಂದ ಸರಿಹೋಗುವ ಮಾತಲ್ಲ ಇದು, ಅಲ್ವಾ?

ನಾಲ್ಕು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದಳು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಬಿಟ್ಟಳು. ಇಷ್ಟದ ಚಹಾ ಬಿಟ್ಟು ನಿಂಬೆ ನೀರು ಕುಡಿದಳು. ಮಲಬದ್ಧತೆ ಬಂತು, ರಕ್ತ ಏರಲಿಲ್ಲ.

ಈಗ ಡಾಕ್ಟರು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ (ರಕ್ತನಾಳಕ್ಕೆ ನೇರ ಕೊಡುವ ಕಬ್ಬಿಣಾಂಶದ ಔಷಧಿ) ಡ್ರಿಪ್ ಹಾಕಿಸಲು ಹೇಳಿದ್ದಾರೆ. ಈ ಸುಸ್ತಿನಲ್ಲಿ ಹುಬ್ಬಳ್ಳಿವರೆಗೆ ಬಸ್ಸಿನಲ್ಲಿ ಕೂರಿಸಲು ಭಯ. ಶಿರಸಿ, ಕುಮಟಾ, ಕಾರವಾರದಲ್ಲಿ ಎಲ್ಲಿ ಹಾಕುತ್ತಾರೆ? ಖರ್ಚು ಎಷ್ಟು ಬಂತು? ಎಷ್ಟು ದಿನಕ್ಕೆ ಸುಸ್ತು ಇಳಿಯಿತು? ಬೈಪಾಸ್ ಆದವರೇ ಇದ್ದರೆ ದಯವಿಟ್ಟು ಬರೆಯಿರಿ. ಅಕ್ಕ ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.